ನೋಡುವವರ ಬಲಕ್ಕೆ ನಿಂತ ಸೊನ್ನೆ

ಹೈರಿಡ್ಜ್‌ನ ಗೇಟು

ಆಫ್ರಿಕಾ ಎಂದರೆ ಬೆಂಕಿಯಂಥ ಬಿಸಿಲು ಎಂದು ಬುದ್ಧಿ ಹೇಳಿ ಕಳಿಸಿದವರೆಲ್ಲ ತಿಪಟೂರಿನಲ್ಲಿ ಬೆಚ್ಚಗೆ ಕೂತಿದ್ದರು. ನಾನು ಜುಲೈ ತಿಂಗಳ ನೈರೋಬಿಯಲ್ಲಿ ಇಳಿದು, ಬರೀ ತೆಳು ಹತ್ತಿ ಸೀರೆ ತುಂಬಿದ್ದ ಪೆಟ್ಟಿಗೆಯ ಮುಂದೆ ನಡುಗುತ್ತ ಕೂತಿದ್ದೆ. ನಮ್ಮ ಶಾಲೆಯ ಭೂಗೋಳದ ಮೇಷ್ಟ್ರು ನಕ್ಷೆಯಲ್ಲಿ ಭೂಮಧ್ಯರೇಖೆಯ ಮೇಲೆ ಬೆರಳಿಟ್ಟು, "ಇಲ್ಲಿಗೆ ಸ್ವೆಟರು ಹೊತ್ಕೊಂಡು ಹೋಗೋರುಂಟಾ ಮೇಡಂ?" ಎಂದು ನಕ್ಕಿದ್ದರು. ಆ ಊರು ಎಷ್ಟು ಎತ್ತರದಲ್ಲಿದೆ ಎಂಬುದು ಅವರ ಬೆರಳಿನಡಿ ಮುಚ್ಚಿಹೋಗಿತ್ತು. ಕೊನೆಗೆ ನಾನು ಇಳಿದುಕೊಂಡಿದ್ದ ಮನೆಯ ಸುಮಾ ತನ್ನ ಗಂಡನ ಸ್ವೆಟರೊಂದನ್ನು ಕೊಟ್ಟಳು. ಸೀರೆಯ ಮೇಲೆ ಆ ಬೂದಿ ಬಣ್ಣದ ಗಂಡಸರ ಸ್ವೆಟರು ಹಾಕಿಕೊಂಡೇ ನಾನು ಮೂರು ವಾರ ಭಾರತವನ್ನು ಪ್ರತಿನಿಧಿಸಿದೆ.

ಪ್ರತಿನಿಧಿಸಿದೆ ಎನ್ನುವುದು ದೊಡ್ಡ ಮಾತಾಯಿತು. ನಾನು ಮಾಧ್ಯಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಬೇರೆ ಬೇರೆ ದೇಶದ ಶಿಕ್ಷಕರು ಒಬ್ಬರ ಶಾಲೆಗೆ ಇನ್ನೊಬ್ಬರು ಹೋಗಿ, ಕೂತು, ಪಾಠ ಮಾಡಿ ಬರುವ ಏರ್ಪಾಟೊಂದರಲ್ಲಿ ನನ್ನ ಹೆಸರು ಹೇಗೋ ಸೇರಿಕೊಂಡಿತ್ತು. ನೈರೋಬಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಇಲ್ಲಿಂದ ನಾನು, ರುಮೇನಿಯಾದಿಂದ ಡೊಯಿನಾ ಎಂಬ ಟೀಚರು. ಮರುವರ್ಷ ನಾವೆಲ್ಲ ಡೊಯಿನಾಳ ಊರಿನ ಶಾಲೆಗೆ ಹೋಗುವುದೆಂದು ಮಾತಾಗಿತ್ತು.

ಸುಮಾ, ಪ್ರಭಾಕರ್ ಮೈಸೂರಿನವರು. ಪ್ರಭಾಕರ್ ಔಷಧಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅವರ ಮಗಳು ನಿಧಿಗೆ ನಾನು "ಊಟ ಆಯ್ತೇನಮ್ಮ?" ಎಂದರೆ, "ಯೆಸ್ ಆಂಟಿ, ಲಾಂಗ್ ಬ್ಯಾಕ್" ಎನ್ನುತ್ತಿದ್ದಳು. ಹೀಗೆ ನಾವಿಬ್ಬರೂ ಮೂರು ವಾರ ಅವರವರ ಭಾಷೆಯಲ್ಲಿ ಸುಖವಾಗಿ ಮಾತಾಡಿಕೊಂಡೆವು.

ಹೈರಿಡ್ಜ್ ಬಡಾವಣೆಯ ಅವರ ಮನೆಸಾಲಿಗೆಲ್ಲ ಒಂದೇ ಗೇಟು, ಅದನ್ನು ಕಾಯುವವನ ಹೆಸರು ಔಮಾ. ಮೊಣಕಾಲು ಮುಟ್ಟುವ ಹಸಿರು ಕೋಟು, ಕಿವಿ ಮುಚ್ಚುವ ಉಣ್ಣೆ ಟೋಪಿ. ನಮ್ಮೂರಲ್ಲಿ ಗುರುತಿಲ್ಲದವರನ್ನೂ ಹಿಡಿದು ನಿಲ್ಲಿಸಿ, "ಬಸ್ ಬಂತಾ?" ಎಂದು ನೇರ ವಿಷಯಕ್ಕೇ ಬರುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಒರಟುತನ. ಬೆಳಗಾದರೆ ಔಮಾ ಮೊದಲು ನನ್ನ ನಿದ್ದೆ ವಿಚಾರಿಸುವನು, ಆಮೇಲೆ ಚಳಿ, ಆಮೇಲೆ ಮನೆ, ಆಮೇಲೆ ಕೆಲಸ. ಅಷ್ಟಕ್ಕೂ ನಾನು ಕಲಿತಿದ್ದ ಒಂದೇ ಉತ್ತರ "ಸವಾ". ಎಲ್ಲ ಸರಿಯಿದೆ ಎಂದರ್ಥ. ನಾನು ಮೇಷ್ಟ್ರು ಎಂದು ಗೊತ್ತಾದ ದಿನದಿಂದ ಅವನು ಎದ್ದು ನಿಂತು, ಟೋಪಿ ತೆಗೆದು, "ಮ್ವಾಲಿಮು" ಎಂದು ಕರೆದೇ ಗೇಟು ತೆರೆಯುತ್ತಿದ್ದ. ಮ್ವಾಲಿಮು ಎಂದರೆ ಗುರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನಗೆ ಯಾರೂ ಟೋಪಿ ತೆಗೆದದ್ದಿಲ್ಲ, ಟೋಪಿ ಹಾಕಿದವರುಂಟು.

ಐದನೇ ಕ್ಲಾಸು

ಶಾಲೆ ನಡೆದು ಹೋಗುವಷ್ಟು ಹತ್ತಿರ. ಸರ್ಕಾರ ಶುಲ್ಕ ತೆಗೆದುಹಾಕಿ ಆಗ ಎರಡು ಮೂರು ವರ್ಷವಾಗಿತ್ತಷ್ಟೆ. ಅಲ್ಲಿಯವರೆಗೆ ಮನೆಯಲ್ಲಿ ಉಳಿದಿದ್ದ ಮಕ್ಕಳೆಲ್ಲ ಒಮ್ಮೆಗೇ ನುಗ್ಗಿ ಬಂದು, ಐದನೇ ಕ್ಲಾಸಿನಲ್ಲಿ ಒಂದು ಬೆಂಚಿಗೆ ನಾಲ್ಕು ಜನ, ಕಿಟಕಿಯ ಕಟ್ಟೆಯ ಮೇಲೆ ಇನ್ನಷ್ಟು ಜನ. ಹತ್ತು ವರ್ಷದವರ ಮಧ್ಯೆ ಹದಿನಾಲ್ಕರವರೂ ಇದ್ದರು. ಇಷ್ಟೂ ಮಂದಿಯನ್ನು ನಿಭಾಯಿಸುತ್ತಿದ್ದವರು ಮುಟುವಾ ಮೇಷ್ಟ್ರು. ತೆಳ್ಳಗೆ ಎತ್ತರದ ಮನುಷ್ಯ, ಚಳಿಯಿರಲಿ ಧೂಳಿರಲಿ ಟೈ ಕಟ್ಟದೆ ಬಂದವರಲ್ಲ.

ಮುಟುವಾ ಪಾಠ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ವಾಕ್ಯದ ಕೊನೆಯ ಪದವನ್ನು ಅವರು ಎಂದೂ ತಾವು ಹೇಳುವವರಲ್ಲ. "ದಿಸ್ ಈಸ್ ಎ ವಾಟ್?" ಎಂದು ನಿಲ್ಲಿಸುವರು. "ಟ್ರಯಾಂಗಲ್!" ಎಂದು ಇಡೀ ಕ್ಲಾಸು ಕೂಗುವುದು. ಸರಿ ಉತ್ತರ ಹೇಳಿದವರಿಗೆ ಮೂರು ಚಪ್ಪಾಳೆ, ಅದಕ್ಕೆ ಅಲ್ಲಿ ಮಕೋಫಿ ಎನ್ನುತ್ತಾರೆ. ಮಕ್ಕಳು ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಆಮೇಲೆ ಒಂದೇ ತಾಳಕ್ಕೆ ಹೊಡೆಯುವರು. ಈ ಅಭ್ಯಾಸ ಮುಟುವಾರಿಗೆ ಎಷ್ಟು ಅಂಟಿತ್ತೆಂದರೆ ಸ್ಟಾಫ್‌ರೂಮಿನಲ್ಲೂ, "ಟೀಚರ್ಸ್, ನೌ ವಿ ಡ್ರಿಂಕ್ ವಾಟ್?" ಎನ್ನುತ್ತಿದ್ದರು. ಡೊಯಿನಾ ಮತ್ತು ನಾನು "ಟೀ!" ಎಂದು ಒಟ್ಟಿಗೆ ಕೂಗಿ, ಆಮೇಲೆ ಮುಖ ಮುಖ ನೋಡಿಕೊಂಡೆವು.

ಮೊದಲ ವಾರದಲ್ಲೇ ನಾನೊಂದು ಮಾದರಿ ಪಾಠ ಮಾಡಬೇಕಿತ್ತು. ಪರದೇಶಕ್ಕೆ ಹೋದ ಭಾರತದ ಗಣಿತದ ಮೇಷ್ಟ್ರು ಏನು ಪಾಠ ಮಾಡುತ್ತಾರೆ? ನೀವೇ ಊಹಿಸಿ. ಸೊನ್ನೆ! ನಮ್ಮ ಹಿರಿಯರು ಜಗತ್ತಿಗೆ ಕೊಟ್ಟದ್ದು, ಅದಿಲ್ಲದೆ ಲೆಕ್ಕವೇ ಇಲ್ಲ ಎಂಬ ಭಾಷಣವನ್ನು ವಿಮಾನದಲ್ಲೇ ಬಾಯಿಪಾಠ ಮಾಡಿದ್ದೆ. ಸುಮಾಳ ಮನೆಯ ರಟ್ಟಿನ ಡಬ್ಬ ಕತ್ತರಿಸಿ ದೊಡ್ಡ ದೊಡ್ಡ ಅಂಕಿಗಳನ್ನೂ ಮಾಡಿದ್ದೆ. ಮಕ್ಕಳನ್ನು ಮುಂದೆ ಕರೆದು, ಒಬ್ಬರ ಕೈಗೆ ಒಂದು, ಪಕ್ಕದವರ ಕೈಗೆ ಸೊನ್ನೆ ಕೊಟ್ಟು ನಿಲ್ಲಿಸಿದರೆ ಹತ್ತು. ಇದು ತಿಪಟೂರಿನಲ್ಲಿ ನಾನು ಪ್ರತಿ ವರ್ಷ ಆಡಿಸುವ ಆಟ.

ಒಂದಕ್ಕೆ ಮುಂದಿನ ಬೆಂಚಿನ ಪುಟ್ಟ ಹುಡುಗನೊಬ್ಬ ಬಂದ. "ಈಗ ಬರುವುದು ಇವತ್ತಿನ ಪಾಠದ ರಾಜ" ಎಂದು ಹೇಳಿ ನಾನು ಕ್ಲಾಸಿನ ಮೇಲೆ ಕಣ್ಣಾಡಿಸಿದೆ. ಹಿಂದಿನ ಗೋಡೆಗೆ ಒರಗಿ ಎಲ್ಲರಿಗಿಂತ ಎತ್ತರದ ಹುಡುಗಿಯೊಬ್ಬಳು ಕೂತಿದ್ದಳು. ರಾಜನೆಂದರೆ ಎತ್ತರವಿರಬೇಕಲ್ಲ! "ಬಾಮ್ಮ, ನೀನೇ ಸೊನ್ನೆ" ಎಂದು ಇಂಗ್ಲಿಷಿನಲ್ಲಿ ಕರೆದೆ.

ಇಡೀ ಕ್ಲಾಸು ಬೆಂಚು ಗುದ್ದುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ, "ಸಿಫುರಿ! ಸಿಫುರಿ!" ಎಂದು ಕೂಗಿ ನಕ್ಕಿತು. ಸಿಫುರಿ ಎಂದರೆ ಸ್ವಾಹಿಲಿಯಲ್ಲಿ ಸೊನ್ನೆ ಎಂದು ಅಷ್ಟರಲ್ಲಿ ನನಗೆ ಗೊತ್ತಿತ್ತು. ಪಾಠ ರಂಗೇರಿತೆಂದು ನಾನೂ ನಕ್ಕೆ. ಹುಡುಗಿ ಬಂದು ರಟ್ಟಿನ ಸೊನ್ನೆಯನ್ನು ಎದೆಗೆ ಹಿಡಿದು, ಹುಡುಗನ ತಪ್ಪು ಪಕ್ಕದಲ್ಲಿ ನಿಂತಳು. "ಅಲ್ಲಲ್ಲ, ಸೊನ್ನೆ ನಿಲ್ಲಬೇಕಾದ್ದು ನೋಡುವವರ ಬಲಕ್ಕೆ. ನಿನ್ನ ಬಲಕ್ಕಲ್ಲ" ಎಂದು ಭುಜ ಹಿಡಿದು ಆಚೆ ನಿಲ್ಲಿಸಿದೆ. "ನೌ ಇಟ್ ಈಸ್ ವಾಟ್?" "ಟೆನ್!" ಮೂರು ಮಕೋಫಿ. ಚಪ್ಪಾಳೆ ಮುಗಿದ ಮೇಲೆ ಹುಡುಗಿ ರಟ್ಟನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಬಾಗಿಲು ದಾಟಿ, ಮೈದಾನ ದಾಟಿ ಹೊರಟೇಹೋದಳು.

ಬಾಗಿಲಲ್ಲಿ ನಿಂತಿದ್ದ ಮುಟುವಾ ಆಮೇಲೆ ಹೇಳಿದರು. ಅವಳ ಹೆಸರು ಅಕಿನ್ಯಿ. ಗಣಿತದ ಪ್ರತಿ ಪರೀಕ್ಷೆಯಲ್ಲೂ ಖಾಲಿ ಹಾಳೆ ಕೊಡುತ್ತಾಳೆ, ಪ್ರತಿ ಸಲ ಸೊನ್ನೆ. ಕ್ಲಾಸಿನಲ್ಲಿ ಅವಳನ್ನು ಕರೆಯುವುದೇ ಸಿಫುರಿ ಎಂದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಅಷ್ಟೇ ಆಗಿದ್ದರೆ ನಗಬಹುದಿತ್ತು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಮತ್ತೆ ಅದೇ ಗೇಟು

ಸಂಜೆ ಔಮಾ ನನ್ನ ನಿದ್ದೆ ಕೇಳಲಿಲ್ಲ, ಚಳಿ ಕೇಳಲಿಲ್ಲ. ಸುಮ್ಮನೆ ಗೇಟು ತೆರೆದ. ಸುಮಾ ತರಕಾರಿ ಚೀಲ ಹಿಡಿದು ನನ್ನ ಹಿಂದೆಯೇ ಬರುತ್ತಿದ್ದಳು. ಅವಳು ನಿಂತು ಸ್ವಾಹಿಲಿಯಲ್ಲಿ ಏನೋ ಕೇಳಿದಳು. ಅವನು ನೆಲ ನೋಡುತ್ತ ಬಹಳ ಹೊತ್ತು ಮಾತಾಡಿದ.

"ಮೇಡಂ, ನಿಮ್ಮ ಕ್ಲಾಸಲ್ಲಿರೋ ಅಕಿನ್ಯಿ ಇವನ ಮಗಳಂತೆ" ಎಂದಳು ಸುಮಾ. "ಇಂಡಿಯಾ ಮ್ವಾಲಿಮು ನನ್ನ ಮಗಳಿಗೆ ಪಾಠ ಮಾಡ್ತಾರೆ ಅಂತ ಎಲ್ರಿಗೂ ಹೇಳ್ಕೊಂಡಿದ್ನಂತೆ. ಇವತ್ತು ಮಧ್ಯಾಹ್ನಕ್ಕೇ ಅಳ್ತಾ ಬಂದ್ಲಂತೆ."

ನಾನು ಏನಾಯಿತೆಂದು ಹೇಳಿದೆ. ಸುಮಾ ಅದನ್ನು ಅವನಿಗೆ ದಾಟಿಸಿದಳು. ಅವನು ಕೋಪ ಮಾಡಿಕೊಳ್ಳಲಿಲ್ಲ, ತಲೆಯಾಡಿಸಿದ. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವನು ಹೇಳೋದು ಕೇಳಿ ಮೇಡಂ. ಫೀಸ್ ಇಲ್ಲ ನಿಜ, ಆದ್ರೆ ಯೂನಿಫಾರ್ಮು, ಶೂ ಎಲ್ಲ ಬೇಕಲ್ಲ. ಮನೇಲಿ ಇನ್ನೂ ಚಿಕ್ಕ ಮಕ್ಕಳಿದಾವೆ. ಲಂಗಾಟಾದಲ್ಲಿ ಇವನ ತಂಗಿ ಇದಾಳೆ, ಅಲ್ಲೊಂದು ಮನೇಲಿ ಮಗು ನೋಡ್ಕೊಳ್ಳೋ ಕೆಲಸ ಹುಡುಕಿಟ್ಟಿದಾಳಂತೆ. ಇವನಿಗೆ ಓದಕ್ಕೆ ಬರಲ್ಲ. ಆದ್ರೆ ಮಾರ್ಕ್ಸ್ ಕಾರ್ಡಲ್ಲಿ ಗಣಿತದ ಸಾಲು ಯಾವ್ದು ಅಂತ ಗೊತ್ತು, ಆ ಗುಂಡಗಿರೋದನ್ನೂ ಗುರುತಿಸ್ತಾನಂತೆ. ಇಲ್ಲೀವರೆಗೆ ಬಂದ ಎಲ್ಲಾ ಕಾರ್ಡಲ್ಲೂ ಅದೇ ಇತ್ತು. ಕ್ಲೋಸಿಂಗ್ ಡೇ ದಿನ ಇವನೇ ಬಂದು ನೋಡ್ತಾನಂತೆ. ಮತ್ತೆ ಅದೇ ಇದ್ರೆ, ಬಾಸಿ."

ಬಾಸಿ ಎಂದರೆ ಸಾಕು. ಔಮಾ ಆ ಪದವನ್ನು ಹೇಳುವಾಗ ಕೈಯನ್ನು ಗಾಳಿಯಲ್ಲಿ ಅಡ್ಡ ಎಳೆದ, ಬೋರ್ಡು ಒರೆಸಿದ ಹಾಗೆ. ಕ್ಲೋಸಿಂಗ್ ಡೇ ಅಂದರೆ ಟರ್ಮಿನ ಕೊನೆಯ ದಿನ, ಎರಡು ವಾರವಿತ್ತು. ಮಧ್ಯೆ ಒಂದು ಪರೀಕ್ಷೆ.

ಹರ್ಲಿಂಗ್‌ಹ್ಯಾಮ್ ದಾರಿಯ ಮಟಾಟು

ಶನಿವಾರ ಡೊಯಿನಾಗೆ ಹಲ್ಲುನೋವು. ಅವಳನ್ನು ಕರೆದುಕೊಂಡು ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿಗೆ ಹೊರಟೆ. ಮಟಾಟು ಎಂದರೆ ನಮ್ಮ ಮ್ಯಾಕ್ಸಿಕ್ಯಾಬಿನ ಅಣ್ಣ. ಅದೇ ಹಾಡು, ಅದೇ ನೇತಾಡುವ ಕಂಡಕ್ಟರು. ಹೊರಟ ಕೂಡಲೇ ಡೊಯಿನಾ ಕಿಟಕಿ ಮುಚ್ಚಿದಳು. ಕಂಡಕ್ಟರು ತೆರೆದ. ಅವಳು ಮುಚ್ಚಿದಳು. ಮುಂದಿನ ಸೀಟಿನ ಹೆಂಗಸು ತಿರುಗಿ, ಜನ ಉಸಿರಾಡುವುದು ಬೇಡವೇ ಎಂದಳು.

"ಗಾಳಿ!" ಎಂದು ಡೊಯಿನಾ ನನ್ನ ಕಡೆ ತಿರುಗಿ ಗೋಳಾಡಿದಳು. "ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು. ಓಡುವ ಗಾಳಿ ಕಿವಿಯಲ್ಲಿ ಹೋಗುತ್ತದೆ, ಹಲ್ಲಿನಲ್ಲಿ ಬರುತ್ತದೆ!"

ಆಗಲೇ ನಾನು ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಸೆರಗು ಹೊದ್ದು ಕೂತಿದ್ದೆ. ನಮ್ಮತ್ತೆ ಬದುಕಿದ್ದಷ್ಟು ದಿನ ಹೇಳಿದ್ದೂ ಇದನ್ನೇ. ಡೊಯಿನಾ ನನ್ನ ಕಿವಿಯ ಹತ್ತಿ ನೋಡಿದವಳೇ ನನ್ನನ್ನು ತಬ್ಬಿಕೊಂಡುಬಿಟ್ಟಳು. ಥಂಡಿ ಗಾಳಿಗೆ ಹೆದರುವ ಎರಡು ದೇಶಗಳ ನಡುವೆ ಅವತ್ತು ಆದ ಒಪ್ಪಂದ ಯಾವ ಸರ್ಕಾರವೂ ಮಾಡಿದ್ದಲ್ಲ.

ಸ್ನೇಹವಾದ ಮೇಲೆ ಅಕಿನ್ಯಿಯ ಕತೆ ಹೇಳಿದೆ. ಡೊಯಿನಾ ನೋಯುವ ಕೆನ್ನೆ ಹಿಡಿದುಕೊಂಡೇ ಕೇಳಿದಳು. "ನಮ್ಮಲ್ಲಿ ಸೊನ್ನೆ ಕೊಡಲು ಬರುವುದೇ ಇಲ್ಲ" ಎಂದಳು. ಅವರಲ್ಲಿ ಅಂಕ ಒಂದರಿಂದ ಹತ್ತರವರೆಗಂತೆ. ಪರೀಕ್ಷೆಗೆ ಬಂದು ಕೂತವರಿಗೆಲ್ಲ ಒಂದು ಅಂಕ ಮೊದಲೇ ಇಟ್ಟಿರುತ್ತಾರಂತೆ. ಏನೂ ಬರೆಯದಿದ್ದರೂ ಅದು ಇರುತ್ತದೆ.

"ಪುಗಸಟ್ಟೆ ಅಂಕವೇ?" ಎಂದೆ. ಲೆಕ್ಕದ ಮೇಷ್ಟ್ರಿಗೆ ಇದು ಎಲ್ಲಿ ಸಹ್ಯವಾಗಬೇಕು! "ಎಲ್ಲರಿಗೂ ಒಂದೊಂದು ಸೇರಿಸಿದರೆ ಕೊನೆಯವಳು ಕೊನೆಯಲ್ಲೇ ಇರುತ್ತಾಳಲ್ಲ?"

"ಇರುತ್ತಾಳೆ. ಆದರೆ ಬರಿಗೈಯಲ್ಲಿ ಇರುವುದಿಲ್ಲ."

ಆ ಒಂದು ಅಂಕವನ್ನು ಇಲ್ಲೂ ಕೊಡಬಹುದೇ ಎಂದು ಸೋಮವಾರ ಮುಟುವಾರನ್ನು ಕೇಳಿದೆವು. ಅವರು ಟೈ ಸರಿಮಾಡಿಕೊಂಡು, "ಟೀಚರ್, ನಾನು ಕೊಡುವುದಿಲ್ಲ" ಎಂದರು. "ಆ ತಂದೆ ನಾಳೆ ನನ್ನನ್ನು ಕೇಳುತ್ತಾನೆ, ಈ ಒಂದು ಯಾಕೆ ಬಂತು ಎಂದು. ನಾನು ಹೇಳುವುದು ವಾಟ್?" ನಿಜ ಹೇಳಬೇಕೆಂದರೆ ನನ್ನ ಮನಸ್ಸು ಅವರ ಕಡೆಗೇ ಇತ್ತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಳ್ಳಿ ಎಂದು ಹೇಳಿ, ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದು ವರಾಂಡದಲ್ಲಿ ಹಾಕಿಕೊಟ್ಟರು.

ಅಕಿನ್ಯಿಗೆ ನಾನು ಮೊದಲು ಹೇಳಿದ್ದು ಕ್ಷಮಿಸು ಎಂದು. ಅವಳು ನನ್ನ ಸ್ವೆಟರಿನ ಗುಂಡಿಯನ್ನೇ ನೋಡುತ್ತಿದ್ದಳು. ಒಂದು ಹಾಳೆಯಲ್ಲಿ ನಾಲ್ಕು ಲೆಕ್ಕ ಬರೆದುಕೊಟ್ಟೆ. ಪೆನ್ಸಿಲು ಮುಟ್ಟಲಿಲ್ಲ. ಆಗ ಡೊಯಿನಾ ಹಾಳೆ ಎಳೆದುಕೊಂಡು, ಮೇಲ್ಗಡೆ ದೊಡ್ಡದಾಗಿ ಒಂದು ಎಂದು ಬರೆದು ಮುಂದೆ ತಳ್ಳಿದಳು.

"ಇದು ಯಾಕೆ?" ಎಂದು ಅಕಿನ್ಯಿ ಮೊದಲ ಸಲ ಬಾಯಿಬಿಟ್ಟಳು.

"ನೀನು ಬಂದದ್ದಕ್ಕೆ."

"ನಾನು ತಪ್ಪು ಬರೆದರೆ?"

"ಆಗಲೂ ಇರುತ್ತದೆ. ಅದನ್ನು ಯಾರೂ ಅಳಿಸುವ ಹಾಗಿಲ್ಲ."

ಹುಡುಗಿ ಆ ಅಂಕಿಯನ್ನು ಸುಮಾರು ಹೊತ್ತು ನೋಡಿದಳು. "ತಪ್ಪು ಬರೆದರೆ ಎಲ್ಲರ ಮುಂದೆ ಓದಿ ನಗುತ್ತಾರೆ. ಖಾಲಿ ಹಾಳೆಯಲ್ಲಿ ಓದಲು ಏನೂ ಇರುವುದಿಲ್ಲ" ಎಂದಳು. ಇಷ್ಟು ದಿನ ಸೊನ್ನೆ ಅವಳಿಗೆ ಸಿಕ್ಕಿದ್ದಲ್ಲ, ಅವಳೇ ಆರಿಸಿಕೊಂಡದ್ದು. ಶುಲ್ಕ ರದ್ದಾದ ವರ್ಷ ತಡವಾಗಿ ಬಂದವಳನ್ನು ಎತ್ತರ ನೋಡಿ ಮೇಲಿನ ಕ್ಲಾಸಿಗೆ ಹಾಕಿದ್ದರು. ಕೆಳಗಿನ ಕ್ಲಾಸಿನ ಲೆಕ್ಕ ಅವಳಿಗೆ ಯಾರೂ ಹೇಳಿಕೊಟ್ಟಿರಲೇ ಇಲ್ಲ. ಅವಳು ಪೆನ್ಸಿಲು ಎತ್ತಿ ಮೊದಲ ಲೆಕ್ಕ ಮಾಡಿದಳು. ಶುದ್ಧ ತಪ್ಪು. ತಪ್ಪು ಲೆಕ್ಕ ಕಂಡು ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು, ಸಂತೋಷಕ್ಕೆ.

ಅಲ್ಲಿಂದಾಚೆ ದಿನವೂ ಬಂದಳು. ದಿನವೂ ಡೊಯಿನಾ ಮೊದಲು ಒಂದು ಬರೆಯುವಳು, ಆಮೇಲೆ ನಾನು ಲೆಕ್ಕ ಕೊಡುವೆ. ಅಷ್ಟು ದಿನದಲ್ಲಿ ಎಷ್ಟೆಂದು ತುಂಬಿಸಲಾದೀತು? ಪರೀಕ್ಷೆಯ ಹಿಂದಿನ ದಿನವೂ ಭಾಗಾಕಾರ ಹೊಳೆಯಲ್ಲಿ ತೊಳೆದ ಹುಣಸೆಹಣ್ಣೇ ಆಗಿತ್ತು. ಕೂಡುವುದು, ದಶಕ ಕಡ ತಂದು ಕಳೆಯುವುದು ಮಾತ್ರ ಒಂದಿಷ್ಟು ಕೈಗೆ ಹತ್ತಿತ್ತು.

ಕ್ಲೋಸಿಂಗ್ ಡೇ

ಮೈದಾನದಲ್ಲಿ ತಂದೆತಾಯಿಗಳು ಶಾಲು, ಕೋಟು ಹೊದ್ದು ಕೂತಿದ್ದರು. ನಮ್ಮಲ್ಲಿ ಪಾಸಾದವರ ಹೆಸರು ಓದುತ್ತೇವೆ, ಫೇಲಾದವರು ಮೆಲ್ಲಗೆ ಜಾರಿಕೊಳ್ಳಬಹುದು. ಇಲ್ಲಿ ಮೊದಲನೆಯವರಿಂದ ಕೊನೆಯವರವರೆಗೆ ಎಲ್ಲರ ಸ್ಥಾನವನ್ನೂ ಮೈಕಿನಲ್ಲಿ ಓದುತ್ತಾರೆ. ಅಕಿನ್ಯಿಯ ಹೆಸರು ಕೊನೆಯಿಂದ ಮೂರನೆಯದಾಗಿ ಬಂತು. ಕೊನೆಯವಳಾಗಲಿಲ್ಲವೆಂಬ ಖುಷಿಗೆ ಡೊಯಿನಾ ನನ್ನ ತೋಳು ಚಿವುಟಿದಳು.

ಕಾರ್ಡು ಹಂಚುವಾಗ ಔಮಾ ಮುಂದೆ ಬಂದ. ಕೆಲಸದ ಮಧ್ಯೆ ಬಂದಿದ್ದನೆಂದು ಕಾಣುತ್ತದೆ, ಅದೇ ಹಸಿರು ಕೋಟು. ಮುಟುವಾರಿಂದ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳಿನಿಂದ ಸಾಲುಗಳನ್ನು ತಡವುತ್ತ ಬಂದು ಗಣಿತದ ಸಾಲಿನಲ್ಲಿ ನಿಲ್ಲಿಸಿದ. ಅವನ ಮುಖ ಇಳಿದುಹೋಯಿತು.

"ಸಿಫುರಿ ತೇನಾ" ಎಂದ. ಮತ್ತೆ ಸೊನ್ನೆ.

ನಾನು ಬಗ್ಗಿ ನೋಡಿದೆ. ಮುಟುವಾ ಬರೆಯುವ ಒಂದು ಅಂದರೆ ಬರೀ ಕಡ್ಡಿ. ಅದು ಕಾರ್ಡಿನ ಅಚ್ಚಿನ ಗೆರೆಗೆ ಅಂಟಿ ನಿಂತಿತ್ತು, ಪಕ್ಕದಲ್ಲಿ ಸೊನ್ನೆ ದುಂಡಗೆ ಹೊಳೆಯುತ್ತಿತ್ತು. ನೂರಕ್ಕೆ ಹತ್ತು! ಐದೈದು ಅಂಕದ ಎರಡು ಲೆಕ್ಕ, ಯಾರ ದಯೆಯೂ ಇಲ್ಲದೆ, ಅವಳೇ ಮಾಡಿದ್ದು. ಹತ್ತು ಶಿಲಿಂಗಿನ ನಾಣ್ಯವನ್ನು ದಿನವೂ ಹಿಡಿಯುವ ಮನುಷ್ಯನಿಗೆ ಹತ್ತು ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಹೆದರಿದವನಿಗೆ ತಾನು ಹೆದರಿದ್ದೇ ಮೊದಲು ಕಾಣುತ್ತದೆ. ಅವನು ಕಾರ್ಡು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ.

ಮುಟುವಾ ಅಡ್ಡ ನಿಂತು ಸ್ವಾಹಿಲಿಯಲ್ಲಿ ಬಿಡಿಸಿ ಹೇಳಿದರು. ಡೊಯಿನಾ ಇಂಗ್ಲಿಷು ಮರೆತು ತನ್ನ ಭಾಷೆಯಲ್ಲಿ ಕೂಗಾಡಿದಳು. ನನಗೂ ಬಾಯಿಗೆ ಬಂದದ್ದು ಕನ್ನಡವೇ. "ಅಯ್ಯೋ, ಅದು ಹತ್ತು ಕಣಪ್ಪ, ಹತ್ತು!" ಔಮಾ ನಮ್ಮ ಮೂವರನ್ನೂ ನೋಡಿ ವಿನಯದಿಂದ ನಕ್ಕ. ಮೇಷ್ಟ್ರುಗಳು ಒಳ್ಳೆಯ ಜನ, ಮಗುವಿಗೋಸ್ಕರ ಒಂದು ಸುಳ್ಳು ಹೇಳುತ್ತಾರೆ ಎಂಬಂಥ ನಗು. "ಅಸಾಂಟೆ, ಮ್ವಾಲಿಮು" ಎಂದು ನನಗೆ ಧನ್ಯವಾದ ಹೇಳಿ, ಮಗಳ ಕಡೆ ತಿರುಗಿ ಹೊರಡು ಎಂಬಂತೆ ತಲೆಯಾಡಿಸಿದ.

ಅಕಿನ್ಯಿ ಹೊರಡಲಿಲ್ಲ. ಅಪ್ಪನ ತೋಳು ಹಿಡಿದು, ನಮ್ಮೆಲ್ಲರ ಕಡೆ ಮುಖ ಮಾಡಿ ಅವನನ್ನು ನೆಟ್ಟಗೆ ನಿಲ್ಲಿಸಿದಳು. ಅವನ ಎದೆಯ ಮೇಲೆ ಬೆರಳಿಟ್ಟು, "ಬಾಬಾ, ವೆವೆ ಮೋಜಾ" ಎಂದಳು. ಅಪ್ಪ, ನೀನು ಒಂದು. ಆಮೇಲೆ ಅವನ ಪಕ್ಕಕ್ಕೆ ಹೋಗಿ ನಿಂತಳು. ನಿಂತವಳು ನನ್ನನ್ನು ನೋಡಿದಳು. ಏನೋ ನೆನಪಾದಂತೆ ಅಪ್ಪನ ಹಿಂದಿನಿಂದ ಸುತ್ತಿ ಬಂದು ಇನ್ನೊಂದು ಪಕ್ಕದಲ್ಲಿ, ನೋಡುವವರ ಬಲಕ್ಕೆ, ಸರಿಯಾಗಿ ನಿಂತಳು.

"ಮಿಮಿ ಸಿಫುರಿ" ಎಂದಳು. ನಾನು ಸೊನ್ನೆ.

ಕ್ಲಾಸಿನ ಮಕ್ಕಳು ಸುತ್ತಲೂ ಇದ್ದರು. ಈ ಸಲ ಯಾರೂ ನಗಲಿಲ್ಲ. ಮುಟುವಾ ಮಕ್ಕಳ ಕಡೆ ತಿರುಗಿದರು. "ನೌ ದೇ ಆರ್ ವಾಟ್?" ಎಂದರು.

"ಟೆನ್!"

ಮಕ್ಕಳು ಅಂಗೈ ಉಜ್ಜಿಕೊಂಡು ಮೂರು ಸಲ ಚಪ್ಪಾಳೆ ತಟ್ಟಿದರು. ಔಮಾ ಜೇಬಿನಿಂದ ಕಾರ್ಡು ತೆಗೆದು ಬಿಡಿಸಿದ. ಕಾರ್ಡಿನ ಕಡ್ಡಿಯನ್ನೂ ದುಂಡನ್ನೂ ನೋಡಿದ. ತನ್ನ ಕೋಟನ್ನೂ ಪಕ್ಕದ ಮಗಳನ್ನೂ ನೋಡಿದ. ಇನ್ನೊಂದು ಸಲ ಕಾರ್ಡು ನೋಡಿದ. ಆಮೇಲೆ ಮಗಳ ಆಚೆ ಪಕ್ಕದ ಖಾಲಿ ಜಾಗಕ್ಕೆ ಕೈ ತೋರಿಸಿ ಮೆಲ್ಲಗೆ ಏನೋ ಕೇಳಿದ.

"ಅಲ್ಲಿ ಇನ್ನೊಂದು ಸಿಫುರಿ ಬಂದು ನಿಂತರೆ ಎಷ್ಟು ಎಂದು ಕೇಳುತ್ತಿದ್ದಾನೆ" ಎಂದರು ಮುಟುವಾ.

"ಮಿಯಾ" ಎಂದಳು ಅಕಿನ್ಯಿ. ನೂರು.

ಔಮಾ ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ. ಮಗಳ ಭುಜದ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದ. ಮುಟುವಾ ಅದನ್ನು ನಮಗೆ ಹೇಳುವ ಮೊದಲೇ ಹುಡುಗಿಯ ಮುಖದಲ್ಲಿ ಅದು ಕಂಡಿತು.

"ಹಾಗಾದರೆ ಮುಂದಿನ ಟರ್ಮಿಗೆ ಇನ್ನೊಂದು ಸೊನ್ನೆ ತಗೊಂಡು ಬಾ."